ಹೊಸಿಲು ದಾಟದ ದಿವಾನ

ಎಲ್ಲಕ್ಕೂ ಮೂಲ ಒಂದು ಹಿತ್ತಾಳೆ ಚೊಂಬು. ಒಂಟಿಕೊಪ್ಪಲಿನ ಪ್ರಭುಸ್ವಾಮಿಯವರ ಮನೆಯ ಜಗಲಿಯ ಮೇಲೆ, ಬಂದವರು ಕಾಲು ತೊಳೆದುಕೊಳ್ಳಲಿ ಎಂದು ನೀರು ತುಂಬಿಟ್ಟಿದ್ದ ಆ ಚೊಂಬು, ದಸರಾ ಕಳೆದ ವಾರದಲ್ಲಿ ಹಾಡಹಗಲೇ ಮಾಯವಾಯಿತು. ಕಳ್ಳ ನೀರನ್ನು ದಾಸವಾಳದ ಗಿಡಕ್ಕೆ ಸುರಿದು, ಚೊಂಬನ್ನು ಮಾತ್ರ ಒಯ್ದಿದ್ದ.

"ಪಾಪ, ಗಿಡ ಒಣಗಬಾರ್ದು ಅನ್ನೋ ಜ್ಞಾನ ಇದೆ ನೋಡು ಅವನಿಗೆ" ಎಂದು ಪ್ರಭುಸ್ವಾಮಿ ಮೆಚ್ಚಿಕೊಂಡರು.

ಅವರ ಹೆಂಡತಿ ಗಿರಿಜಾಂಬಾ ಮೆಚ್ಚಿಕೊಳ್ಳಲಿಲ್ಲ. "ಹೀಗೇ ಹೊಗಳ್ತಾ ಕೂತಿರಿ, ನಾಳೆ ಬಾಗಿಲು ಕಿತ್ಕೊಂಡು ಹೋಗ್ತಾನೆ. ಮನೆ ಮುಂದಕ್ಕೆ ಒಂದು ನಾಯಿ ಬೇಕು ಕಣ್ರೀ."

ನಾಯಿ ಬಂತು. ಭಾನುವಾರ ಭಾನುವಾರ ಕೆಸರೆಯಿಂದ ಗಾಡಿಯಲ್ಲಿ ಸೌದೆ ತರುತ್ತಿದ್ದ ನಿಂಗಯ್ಯ, ಸೌದೆಯ ಜೊತೆಗೆ ಅದನ್ನೂ ಹಿಂದಿನ ಓಣಿಯ ಬಾಗಿಲಿನಿಂದ ಹಿತ್ತಲಿಗೆ ಇಳಿಸಿ ಹೋದ. ಕಂದು ಬಣ್ಣ, ನೆಟ್ಟಗೆ ನಿಂತ ಒಂದು ಕಿವಿ, ಬಿದ್ದ ಇನ್ನೊಂದು ಕಿವಿ, ಹಣೆಯಲ್ಲಿ ಮೂರು ಗೆರೆ ಸುಕ್ಕು. ಮುಂಗಾಲು ಜೋಡಿಸಿ ಕೂತರೆ ಯಾರದೋ ಅರ್ಜಿ ಕೇಳುತ್ತಿರುವ ಹಾಗೆ ಕಾಣುತ್ತಿತ್ತು. ಏಳು ವರ್ಷದ ಮಗಳು ಪ್ರೇಮಲೀಲಾ ಅದಕ್ಕೆ ದಿವಾನ ಎಂದು ಹೆಸರಿಟ್ಟಳು.

ದಿವಾನರಲ್ಲಿ ಒಂದೇ ಒಂದು ಕುಂದು. ಅವರು ಮನೆಯೊಳಕ್ಕೆ ಬರುತ್ತಿರಲಿಲ್ಲ.

ಒಂಟಿಕೊಪ್ಪಲಿನ ಆ ಸಾಲಿನಲ್ಲಿ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡು ರೈಲು ಡಬ್ಬಿಗಳ ಹಾಗಿದ್ದವು. ಹಿತ್ತಲಿನಿಂದ ಜಗಲಿಗೆ ಬರಬೇಕಾದರೆ ಹಿತ್ತಲ ಬಾಗಿಲಿನ ಹೊಸಿಲು ದಾಟಿ, ನಡುಮನೆ ಹಾದು, ಮುಂಬಾಗಿಲು ದಾಟಿಯೇ ಬರಬೇಕು. ದಿವಾನ ಹಿತ್ತಲ ಹೊಸಿಲಿನ ತನಕ ಬಾಲ ಅಲ್ಲಾಡಿಸುತ್ತ ಬರುವುದು, ಅಲ್ಲಿ ದೊಡ್ಡ ಕಂದರ ಕಂಡವನ ಹಾಗೆ ನಿಲ್ಲುವುದು, ನಡುಮನೆಯ ಕಡೆ ನೋಡಿ ಕುಂಯ್ ಎನ್ನುವುದು, ಹಿಂದಕ್ಕೆ ಹೋಗುವುದು. ಮೂರು ವಾರ ಇದೇ ಆಯಿತು. ನಾಯಿಗೆ ನಡುಮನೆ ಎಂದರೆ ಭಯ ಎಂದು ಮನೆಯವರೆಲ್ಲ ತೀರ್ಮಾನಿಸಿದರು.

ಕಾರ್ತಿಕದ ಆ ಭಾನುವಾರ ಬೆಳಿಗ್ಗೆ ಗಿರಿಜಾಂಬಾ ಎಂದಿನಂತೆ ಬಾಗಿಲು ಸಾರಿಸಿ, ಮನೆಯ ಹೊಸಿಲುಗಳಿಗೆಲ್ಲ ಎಳೆ ಎಳೆದು, ರಂಗೋಲಿ ಬಟ್ಟಲನ್ನು ಗೂಡಿನಲ್ಲಿಟ್ಟು ಬಂದು ಗಂಡನ ಮುಂದೆ ನಿಂತರು.

"ನೋಡ್ರೀ, ಸಾಯಂಕಾಲ ನಿಂಗಯ್ಯ ಸೌದೆ ತರ್ತಾನೆ. ಅಷ್ಟರಲ್ಲಿ ಈ ನಾಯಿ ಜಗಲೀಲಿ ಕೂತಿದ್ರೆ ಸರಿ. ಇಲ್ಲಾಂದ್ರೆ ಅದೇ ಗಾಡೀಲಿ ಕೆಸರೆಗೆ ವಾಪಸ್. ಹಿತ್ತಲು ಕಾಯೋಕೆ ನಮ್ಮಲ್ಲಿ ಇರೋದು ಒಂದು ನುಗ್ಗೆ ಮರ."

ಪ್ರಭುಸ್ವಾಮಿ ಮಗಳ ಕಡೆ ನೋಡಿದರು. ಪ್ರೇಮಲೀಲಾ ತಟ್ಟೆಯಲ್ಲಿದ್ದ ದೋಸೆಯನ್ನು ಬಿಟ್ಟು ಎದ್ದು ಹೋಗಿ ದಿವಾನನ ಪಕ್ಕ ಕೂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಒಬ್ಬಳೇ ಮಗಳು, ಓರಗೆಯವರು ಬೀದಿಯಲ್ಲಿ ಇಲ್ಲ. ಹದಿಮೂರರ ಮಗ್ಗಿಯನ್ನು ಅವಳು ಎಷ್ಟು ತಪ್ಪು ಹೇಳಿದರೂ ಕೊನೆಯ ತನಕ ಕೂತು ಕೇಳುತ್ತಿದ್ದವನು ದಿವಾನ ಒಬ್ಬನೇ.

"ಅಪ್ಪಾಜಿ, ಅವನು ಬೇಕೂಂತ ಹಾಗೆ ಮಾಡಲ್ಲ. ಹೆದ್ರಿಕೆ ಆಗುತ್ತೆ ಅವನಿಗೆ" ಎಂದಳು.

"ಗೊತ್ತು ಮರಿ. ಸಾಯಂಕಾಲದೊಳಗೆ ಬಿಡಿಸೋಣ" ಎಂದರು ಪ್ರಭುಸ್ವಾಮಿ. ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಯಾರಿಗೂ ಇಷ್ಟು ಖಚಿತವಾಗಿ ಮಾತು ಕೊಟ್ಟವರಲ್ಲ ಅವರು.

ನಾಯಿ ಏನನ್ನು ಕಂಡು ಹೆದರುತ್ತದೆ ಎಂದು ತಿಳಿಯಬೇಕಾದರೆ ನಾಯಿಯ ಎತ್ತರದಿಂದ ನೋಡಬೇಕು. ಅವರು ಹಿತ್ತಲಲ್ಲಿ, ಹೊಸಿಲಿನಿಂದ ಒಂದು ಮಾರು ದೂರದಲ್ಲಿ ಬೋರಲು ಮಲಗಿ ನಡುಮನೆಯನ್ನು ದಿಟ್ಟಿಸಿದರು. ಆಗ ಸರಿಯಾಗಿ ಗೋಡೆ ಗಡಿಯಾರ ಒಂಬತ್ತು ಹೊಡೆಯಿತು. ದಿವಾನ ಕುಂಯ್ ಎಂದ.

"ಸಿಕ್ತು!" ಎಂದು ಪ್ರಭುಸ್ವಾಮಿ ಎದ್ದು, ಗಡಿಯಾರವನ್ನು ಇಳಿಸಿ, ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ಮಲಗಿಸಿದರು. ದಿವಾನ ಬರಲಿಲ್ಲ. ಮತ್ತೆ ಬೋರಲು ಮಲಗಿ ನೋಡಿದರು. ಈ ಸಲ ಕಣ್ಣಿಗೆ ಬಿದ್ದದ್ದು ಮಾವನವರ ಫೋಟೋ. ಜರಿಪೇಟ, ಕಿವಿಯವರೆಗೆ ಹೋದ ಮೀಸೆ, ಎಲ್ಲಿ ನಿಂತರೂ ನಮ್ಮನ್ನೇ ನೋಡುವ ಕಣ್ಣು. ಅದನ್ನು ಗೋಡೆಯ ಕಡೆ ತಿರುಗಿಸಿ ಹಾಕುವಾಗ ಗಿರಿಜಾಂಬಾ ಅಡಿಗೆಮನೆಯಿಂದ ಬಂದರು.

"ನಮ್ಮಪ್ಪನ್ನ ನೋಡಿದ್ರೆ ನಾಯಿಗೆ ಹೆದ್ರಿಕೇನಾ?"

"ಹೆದ್ರಿಕೆ ಅಲ್ಲ ಕಣೇ, ಗೌರವ. ಮದುವೆಯಾದ ಹೊಸದ್ರಲ್ಲಿ ನನಗೂ ಹೀಗೇ ಆಗ್ತಿತ್ತು."

ಮಾವನವರು ಗೋಡೆಗೆ ಮುಖ ಮಾಡಿ ನಿಂತರೂ ದಿವಾನ ಕದಲಲಿಲ್ಲ. ಆರಾಮ ಕುರ್ಚಿ, ಕೊಡೆ, ಕೋಟಿನ ಗೂಟ, ಹೊಲಿಗೆ ಮಿಷನ್ನು, ಎಲ್ಲವೂ ಒಂದೊಂದಾಗಿ ಹೊರಗೆ ಬಂದವು. ಹತ್ತೂವರೆಯ ಹೊತ್ತಿಗೆ ನಡುಮನೆ ಬಾಡಿಗೆಗೆ ಖಾಲಿ ಇರುವ ಮನೆಯಂತಾಗಿತ್ತು. ಅದನ್ನು ಕಂಡು ಪಕ್ಕದ ಮನೆಯ ಮಾದೇವಮ್ಮ ಗೋಡೆಯ ಮೇಲಿನಿಂದ ತಲೆ ಎತ್ತಿದರು.

"ಏನ್ ಗಿರಿಜಮ್ಮ, ಮನೆ ಖಾಲಿ ಮಾಡ್ತಿದೀರಾ? ನಮಗೆ ಒಂದ್ ಮಾತೂ ಹೇಳ್ಲಿಲ್ಲ!"

ವಿಷಯ ತಿಳಿದ ಮೇಲೆ ಅವರಿಗೆ ಕನಿಕರ ಉಕ್ಕಿತು. "ಅಯ್ಯೋ, ಅದಕ್ಕೆ ಕುರ್ಚಿ ಗಡಿಯಾರ ಏನ್ ಮಾಡ್ತವೆ? ದೃಷ್ಟಿ ಕಣಮ್ಮ ಅದು. ಬಾಯಿಲ್ಲದ ಪ್ರಾಣಿಗೆ ಬೇಗ ತಗಲುತ್ತೆ. ಮಠದಿಂದ ತಂದ ವಿಭೂತಿ ಐತೆ, ಬಂದೆ ಇರಿ."

ಬಂದೇ ಬಂದರು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಹೊಸಿಲಿನ ಈ ತುದಿಯಿಂದ ಆ ತುದಿಗೆ ಮೂರು ಬೆರಳಲ್ಲಿ ಅಚ್ಚುಕಟ್ಟಾಗಿ ಎಳೆದರು. ದಿವಾನ ಒಮ್ಮೆ ಹೊಸಿಲನ್ನೂ ಒಮ್ಮೆ ಮಾದೇವಮ್ಮನನ್ನೂ ನೋಡಿ ಮೂರು ಹೆಜ್ಜೆ ಹಿಂದಕ್ಕೆ ಹೋದ.

"ನೋಡಿದ್ರಾ, ಭಕ್ತಿ!" ಎಂದರು ಮಾದೇವಮ್ಮ.

ಎದುರುಮನೆಯ ಶಾಮಣ್ಣನವರು ಔಷಧಾಲಯದಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಯಾರ ಮನೆಯಲ್ಲಿ ಯಾರು ಸೀನಿದರೂ ಅವರಿಗೆ ಕೇಳಿಸುತ್ತಿತ್ತು. ಅವರು ಬಂದು ಕನ್ನಡಕ ಏರಿಸಿ ದಿವಾನನ ಪಾದ ಪರೀಕ್ಷಿಸಿದರು.

"ಇರುವೆ ಕಣಯ್ಯಾ ಪ್ರಭುಸ್ವಾಮಿ, ಇರುವೆ! ನಿನ್ ಹೊಸಿಲ ಸಂದೀಲಿ ಇರುವೆ ಗೂಡಿದೆ. ಕಾಲಿಟ್ಟಾಗ ಕಚ್ಚಿದೆ. ಇದಕ್ಕೆ ವಿಭೂತಿ ಅಲ್ಲ, ಪೌಡರು ಬೇಕು."

ಮನೆಗೆ ಹೋಗಿ ಡಬ್ಬಿ ತಂದು, ವಿಭೂತಿಯ ಈಚೆಗೆ ಒಂದು, ಆಚೆಗೆ ಒಂದು, ಬೆರಳು ಗಾತ್ರದ ಬಿಳಿ ಪುಡಿಯ ಸಾಲನ್ನು ಸುರಿದರು. ದಿವಾನ ಎದ್ದು ಹಿತ್ತಲ ಕೊನೆಯ ನುಗ್ಗೆ ಮರದ ಹಿಂದೆ ಹೋಗಿ, ಬರೀ ಮೂತಿ ಕಾಣುವ ಹಾಗೆ ನಿಂತ.

"ಇನ್ನೂ ದೂರ ಹೋಯ್ತಲ್ರೀ ಶಾಮಣ್ಣೋರೆ?"

"ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ. ಯಾವ ಕಾಯಿಲೆಯಾದ್ರೂ ಮೊದಲು ಏರಿ ಆಮೇಲೆ ಇಳಿಯುತ್ತೆ" ಎಂದು ಶಾಮಣ್ಣ ಡಬ್ಬಿಯ ಮುಚ್ಚಳ ಹಾಕಿದರು.

ಹನ್ನೆರಡು ಗಂಟೆ. ಊಟದ ಮಾತನ್ನು ಯಾರೂ ಎತ್ತಲಿಲ್ಲ. ಪ್ರಭುಸ್ವಾಮಿಗೆ ಹೊಸ ಯೋಚನೆ ಹೊಳೆಯಿತು. ಹಿತ್ತಲಿಂದ ಬಾರದಿದ್ದರೆ ಓಣಿಯ ಬಾಗಿಲಿಂದ ಹೊರಡಿಸಿ, ಬೀದಿ ಸುತ್ತಿಸಿ, ಮುಂದಿನಿಂದಲೇ ಜಗಲಿಗೆ ಹತ್ತಿಸಿದರಾಯಿತು. ಜಗಲಿಗೆ ಒಮ್ಮೆ ಹತ್ತಿದ ಮೇಲೆ ನಡುಮನೆಯ ಗೊಡವೆ ಯಾಕೆ?

ದಿವಾನನ ಕೊರಳಿಗೆ ಹಗ್ಗ ಬಿಗಿದು ಹೊರಟರು. ಬೀದಿಗೆ ಬಂದ ಮೇಲೆ ದಿವಾನನ ನಡಿಗೆ ವಿಚಿತ್ರವಾಯಿತು. ಯಾವ ಮನೆಯ ಮುಂದೂ ಅಂಚಿಗೆ ಹೋಗಲೊಲ್ಲ. ನಟ್ಟನಡುವೆ, ಅತ್ತ ಇತ್ತ ಸರಿಯುತ್ತ, ಹಾವು ಹರಿದ ಹಾಗೆ ಹೋಗುತ್ತಿದ್ದ. ಹಿಂದೆ ಬಂದ ಜಟಕಾದವನು ಕುದುರೆ ನಿಲ್ಲಿಸಿ, "ಏನ್ ಸ್ವಾಮಿ, ಬೀದಿ ಅಳತೆ ಮಾಡ್ತಿದೀರಾ?" ಎಂದ. ಎರಡು ಸೈಕಲ್ಲುಗಳು ಚರಂಡಿಯ ಅಂಚು ನೋಡಿ ಬಂದವು.

ಕೊನೆಗೂ ತಮ್ಮ ಮನೆಯ ಮುಂದೆ ಬಂದರೆ, ಅಲ್ಲಿ ಗಿರಿಜಾಂಬಾ ಕಾರ್ತಿಕಕ್ಕೆಂದು ಇಪ್ಪತ್ತೊಂದು ಚುಕ್ಕಿಯ ತಾವರೆ ಬಿಡಿಸಿದ್ದರು. ಗಿರಿಜಾಂಬಾ ಎಳೆದ ಎಳೆ ಎಂದರೆ ಎಲ್ಲೂ ಒಂದು ಕೂದಲಿನಷ್ಟು ಕಡಿಯುವುದಿಲ್ಲ. ದಿವಾನ ತಾವರೆಯ ಅಂಚಿನಲ್ಲಿ ಕೂತುಬಿಟ್ಟ. ಪ್ರಭುಸ್ವಾಮಿ ಎಳೆದರು. ದಿವಾನ ಕೊರಳು ತಗ್ಗಿಸಿದ. ಹಗ್ಗ ಜಾರಿ ಬಂತು. ಪ್ರಭುಸ್ವಾಮಿ ತಾವರೆಯ ಮಧ್ಯದಲ್ಲಿ ಕೂತರು.

ಅವರು ಎದ್ದು, ನಾಯಿಗೆ ಮತ್ತೆ ಹಗ್ಗ ಹಾಕಿ, ಬೀದಿ ಸುತ್ತಿ ಓಣಿಗೆ ಮರಳುವಾಗ ಪಂಚೆಯ ಹಿಂಭಾಗದಲ್ಲಿ ಮುಕ್ಕಾಲು ತಾವರೆ ಅರಳಿತ್ತು. "ಚೆನ್ನಾಗಿ ಮೂಡಿದೆ!" ಎಂದು ಯಾರೋ ಹೆಂಗಸು ಕಿಟಕಿಯಿಂದ ಹೇಳಿದ್ದು ಅವರಿಗೆ ಕೇಳಿಸಿತು. ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಊಟವಾಗಿ ಬೀದಿಯೆಲ್ಲ ಒಂದು ಮಂಪರು ತೆಗೆಯುವ ಹೊತ್ತು. ಮಾದೇವಮ್ಮನ ಗೋಡೆ ಖಾಲಿ. ಶಾಮಣ್ಣನವರ ಗೊರಕೆ ಎದುರುಮನೆಯಿಂದ ಹದವಾಗಿ ಬರುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಪ್ಪ, ಮಗಳು, ಅವರ ಕಾಲ ಬಳಿ ದಿವಾನ.

"ಅಪ್ಪಾಜಿ, ನಿಮಗೆ ಹೆದ್ರಿಕೆ ಆದ್ರೆ ಏನ್ ಮಾಡ್ತೀರಿ?"

ಪ್ರಭುಸ್ವಾಮಿ ಯೋಚಿಸಿದರು. "ಯಾರಾದ್ರೂ ಜೊತೆಗೆ ಬಂದ್ರೆ ಹೋಗ್ತೀನಿ."

"ದಿವಾನನ ಜೊತೆಗೆ ಯಾರೂ ಹೋಗ್ಲೇ ಇಲ್ವಲ್ಲ. ಎಲ್ರೂ ಆ ಕಡೆ ನಿಂತು ಕರೆದ್ರು, ಇಲ್ಲಾ ಎಳೆದ್ರು."

ಅದು ನಿಜವಾಗಿತ್ತು. ಪ್ರಭುಸ್ವಾಮಿ ಎದ್ದು ಪಂಚೆಯನ್ನು ಮೇಲಕ್ಕೆ ಕಟ್ಟಿದರು. ಉಳಿದಿದ್ದ ಅಕ್ಕಿರೊಟ್ಟಿಗೆ ತುಪ್ಪ ಸವರಿಸಿಕೊಂಡು ಬಂದು ಚೂರು ಮಾಡಿದರು. ಆಮೇಲೆ ದಿವಾನನ ಪಕ್ಕದಲ್ಲಿ ನಾಲ್ಕು ಕಾಲಲ್ಲಿ ನಿಂತರು.

"ನೋಡಪ್ಪಾ, ನಾನು ಹೋಗ್ತೀನಿ. ನೀನು ಸುಮ್ನೆ ನೋಡ್ತಿರು. ಅವಸರ ಏನಿಲ್ಲ" ಎಂದು ಅವನ ಬಿದ್ದ ಕಿವಿಯಲ್ಲಿ ಹೇಳಿ, ಅಂಬೆಗಾಲಿಟ್ಟು, ಹೊಸಿಲಿಗೆ ಕೈಕಾಲು ತಾಗಿಸದೆ ದಾಟಿದರು. ನಡುಮನೆಯಲ್ಲಿ ಒಂದು ಸುತ್ತು ಬಂದರು. ಮತ್ತೆ ದಾಟಿ ಹಿತ್ತಲಿಗೆ ಬಂದರು. ಮತ್ತೆ ಹೋದರು. ಐದು ಸಲ, ಹತ್ತು ಸಲ, ಇಪ್ಪತ್ತು ಸಲ. ಮಂಡಿ ಉರಿಯಿತು. ಸೊಂಟದಲ್ಲಿ ಏನೋ ಚಳಕ್ ಎಂದಿತು. ದಿವಾನ ಹಣೆಯ ಮೂರು ಗೆರೆಯನ್ನೂ ಗಂಟಿಕ್ಕಿ, ಈ ಮನುಷ್ಯನಿಗೆ ಏನಾಯಿತು ಎಂದು ನೋಡುತ್ತಿದ್ದ. ಆಮೇಲೆ ಒಂದು ಹೆಜ್ಜೆ ಜೊತೆಗೆ ಬಂದ. ಆಮೇಲೆ ಎರಡು.

ಗೋಡೆಯ ಮೇಲೆ ಮಾದೇವಮ್ಮನ ತಲೆ ಮೂಡಿತು. ಪಕ್ಕದಲ್ಲಿ ಶಾಮಣ್ಣನವರದೂ.

"ಇವರಿಗೂ ತಗಲಿತಾ ಏನ್ ಕತೆ?" ಎಂದು ಮಾದೇವಮ್ಮ ಪಿಸುಗುಟ್ಟಿದರು.

"ಶ್!" ಎಂದಳು ಪ್ರೇಮಲೀಲಾ.

ಮೂವತ್ತೆಂಟನೆಯ ಸಲವೋ ಏನೋ, ಪ್ರಭುಸ್ವಾಮಿ ಹೊಸಿಲಿನ ಆಚೆ ನಿಂತು ತಿರುಗಿ ನೋಡಿದರು. ದಿವಾನ ಹೊಸಿಲಿಗೆ ಮೂಗು ತಂದು ಮೂಸಿದ, ಸೀನಿದ, ಅವರ ಮುಖ ನೋಡಿದ.

"ಬಾಪ್ಪಾ. ನಾನಿದೀನಿ" ಎಂದರು ಪ್ರಭುಸ್ವಾಮಿ. ಮಗಳನ್ನು ಮೊದಲ ಸಲ ನಡೆಸಿದಾಗ ಬಿಟ್ಟರೆ ಆ ದನಿಯನ್ನು ಅವರು ಮತ್ತೆ ಬಳಸಿರಲಿಲ್ಲ.

ದಿವಾನ ಕಣ್ಣು ಮುಚ್ಚಿಕೊಂಡು ದಾಟಿದ.

ಪ್ರೇಮಲೀಲಾ ಕೂಗಿದ ಕೂಗಿಗೆ ಹಿತ್ತಲ ಕಾಗೆಗಳೆಲ್ಲ ಎದ್ದವು. ರೊಟ್ಟಿ ಚೂರು ಬಾಯಿಗೆ ಬಿತ್ತು. ದಿವಾನ ತಾನೇ ಹಿಂದಕ್ಕೆ ದಾಟಿ, ಮತ್ತೆ ಮುಂದಕ್ಕೆ ದಾಟಿ, ಮುಖ ಎತ್ತಿ ನಿಂತ. ಇನ್ನೊಂದು ಚೂರು. ಪಾಠ ಗಟ್ಟಿಯಾಗಲಿ ಎಂದು ಪ್ರಭುಸ್ವಾಮಿ ಅವನನ್ನು ಹಿತ್ತಲ ಹೊಸಿಲು, ಮುಂಬಾಗಿಲಿನ ಹೊಸಿಲು, ಜಗಲಿಯ ಅಂಚು, ಬೀದಿಯ ತಾವರೆ, ಎಲ್ಲದರ ಮೇಲೂ ಹತ್ತತ್ತು ಸಲ ದಾಟಿಸಿದರು. ನಾಲ್ಕೂವರೆಗೆ ರೊಟ್ಟಿ ಮುಗಿಯಿತು. ದಿವಾನ ಜಗಲಿಯ ಮೇಲೆ ಮುಂಗಾಲು ಜೋಡಿಸಿ ಕೂತು ಒಂಟಿಕೊಪ್ಪಲಿನ ಅಹವಾಲು ಕೇಳತೊಡಗಿದ.

ಗಿರಿಜಾಂಬಾ ಬಂದು ನೋಡಿದರು. ತುಟಿಯ ಕೊನೆಯಲ್ಲಿ ನಗು ಬಂದು ನಿಂತಿತು. "ಪರವಾಗಿಲ್ಲ, ಅಪ್ಪ ಮಗಳು ಹಿಡಿದ ಹಟ ಬಿಡಲಿಲ್ಲ. ಇರ್ಲಿ ಬಿಡಿ ನಾಯಿ" ಎಂದು, ನಾಳೆಯ ಕಾರ್ತಿಕ ಸೋಮವಾರದ ಹೋಳಿಗೆಗೆ ಹೂರಣ ರುಬ್ಬಿಟ್ಟಿದ್ದು ನೆನಪಾಗಿ, ಅದನ್ನು ಮುಚ್ಚಿಡಲು ತಟ್ಟೆ ಹುಡುಕುತ್ತ ಒಳಗೆ ಹೋದರು.

ಪ್ರಭುಸ್ವಾಮಿಗೆ ಸೊಂಟ ನೇರವಾಗದಿದ್ದರೂ ಎದೆ ನೇರವಾಗಿತ್ತು. ಅಷ್ಟರಲ್ಲಿ ಓಣಿಗೆ ತಿರುಗಬೇಕಿದ್ದ ನಿಂಗಯ್ಯನ ಗಾಡಿ ಮನೆಯ ಮುಂದೆ ಬಂತು. ಅವನ ದನಿ ಕೇಳಿ ದಿವಾನ ಜಗಲಿಯಿಂದ ಹಾರಿ, ತಾವರೆಯ ಮೇಲೆ ಹಾದು, ಹಳೆಯ ಯಜಮಾನನ ಕಾಲು ಮೂಸಿ, ಮತ್ತೆ ತಾವರೆ ತುಳಿದುಕೊಂಡು ಸೀದಾ ಮನೆಯೊಳಗೆ ಹೋದ.

ನಿಂಗಯ್ಯ ಹಗ್ಗ ಕೈಲಿ ಹಿಡಿದವನು ಹಾಗೇ ನಿಂತ.

"ಸ್ವಾಮೀ... ಅದು ನಮ್ ಕೆಂಚನೇಯಾ?"

"ಇನ್ಯಾರು! ನಡುಮನೆ ಅಂದ್ರೆ ಹೆದರ್ತಿತ್ತು ನಿಂಗಯ್ಯ. ಇಡೀ ದಿನ ಕೂತು ಹೆದ್ರಿಕೆ ಬಿಡಿಸ್ದೆ" ಎಂದರು ಪ್ರಭುಸ್ವಾಮಿ ವಿನಯದಿಂದ.

ನಿಂಗಯ್ಯ ಗಾಡಿಯ ಮೂಕಿಮರ ಹಿಡಿದು ಕುಕ್ಕರಿಸಿದ. "ಅಯ್ಯೋ, ಎಂಥಾ ಕೆಲ್ಸ ಮಾಡ್ಬುಟ್ರಿ ಸ್ವಾಮಿ! ಅದು ಎದರ್ಕಂಡಿದ್ದಲ್ಲ. ಗೆರೆ ದಾಟದ ನಾಯಿ ಕಣ್ರಪ್ಪ ಅದು! ಕಣದಲ್ಲಿ ರಾಗಿ ರಾಶಿ ಸುತ್ತ ಬೂದಿ ಗೆರೆ ಎಳೀತೀವಲ್ಲ, ಅದನ್ನ ದಾಟ್ಬಾರ್ದು ಅಂತ ಮರಿಯಿಂದ ಕಲ್ಸಿದ್ವಿ. ಬೆಳ್ಳಗಿರೋ ಗೆರೆ ಕಂಡ್ರೆ ಸಾಕು, ಎದುರಿಗೆ ಮುದ್ದೆ ಇಟ್ಟು ಕರುದ್ರೂ ಬತ್ತಿರ್ಲಿಲ್ಲ. ನಿಮ್ದು ಪೂಜೆ ಮನೆ, ಅಡಿಗೆಮನೆಗೆ ನುಗ್ಗಬಾರ್ದು ಅಂತ್ಲೇ ಹುಡುಕಿ ಇದನ್ನ ತಂದುಕೊಟ್ಟಿದ್ದು."

"ಗೆರೆ?" ಎಂದರು ಪ್ರಭುಸ್ವಾಮಿ.

"ಹೊಸಿಲಲ್ಲಿ ಅಮ್ಮಾವ್ರು ಎಳೆ ಎಳೀತಾರಲ್ಲ ಸ್ವಾಮಿ? ಒಂದ್ ಅಂಗೈ ಅಗಲ ಅಳಿಸಿದ್ರೆ ಕುಣ್ಕಂಡ್ ಬಂದ್ಬುಡ್ತಿತ್ತಲ್ಲ!"

ಮಾತು ಕೇಳಿ ಬಂದ ಮಾದೇವಮ್ಮ, ಶಾಮಣ್ಣನವರೂ ಸೇರಿ ಎಲ್ಲರೂ ಒಳಗೆ ನಡೆದು ಹಿತ್ತಲ ಹೊಸಿಲಿನ ಮುಂದೆ ನಿಂತರು. ಯಾರೂ ತುಳಿಯದ ಹೊಸಿಲು, ಅಲ್ಲಿ ಬೆಳಗಿನ ರಂಗೋಲಿ ಹಾಗೇ ಇತ್ತು. ರಂಗೋಲಿಯ ಮೇಲೆ ವಿಭೂತಿ, ವಿಭೂತಿಯ ಎರಡೂ ಕಡೆ ಪೌಡರು. ಶಾಮಣ್ಣನವರು ಬಾಗಿಲಾಚೆ ಆಕಾಶ ನೋಡಿ, ಮೋಡ ಆಗಿದೆ ಎಂದರು. ಮಾದೇವಮ್ಮನಿಗೆ ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಯಿತು.

ಆಗಲೇ ಅಡಿಗೆಮನೆಯಿಂದ ತಪ್ಪಲೆ ಉರುಳಿದ ಸದ್ದು. ಹಿಂದೆಯೇ ಗಿರಿಜಾಂಬಾ ಅವರ ಕೂಗು.

ಅಡಿಗೆಮನೆಯ ಹೊಸಿಲಿನಲ್ಲೂ ಎಳೆ ಇತ್ತು. ದಿವಾನ ಅದನ್ನು ದಾಟಿದ್ದ. ದಾಟಿದರೆ ತಿನ್ನಲು ಸಿಗುತ್ತದೆ ಎಂದು ಇಡೀ ಮಧ್ಯಾಹ್ನ ಕಲಿತಿದ್ದ. ಹೋದ ಮೇಲೆ ಎದುರಿಗೇ ಸಿಕ್ಕಿತು. ಮೂಗಿನಿಂದ ಕಿವಿಯವರೆಗೆ ಹೂರಣ ಹಚ್ಚಿಕೊಂಡು, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ ವಿದ್ಯಾರ್ಥಿಯ ಮುಖದಿಂದ ಅವನು ಪ್ರಭುಸ್ವಾಮಿಯವರನ್ನು ನೋಡಿದ.

"ನಿಂಗಯ್ಯ! ಈಗಲೇ ಹಾಕ್ಕೋ ಗಾಡಿಗೆ!" ಎಂದರು ಗಿರಿಜಾಂಬಾ.

ಪ್ರೇಮಲೀಲಾಳ ಮುಖ ಸಣ್ಣದಾಯಿತು. ಆದರೆ ನಿಂಗಯ್ಯ ಎರಡು ಕೈಯನ್ನೂ ಅಲ್ಲಾಡಿಸಿದ. "ಆಗಾಕಿಲ್ಲ ಕಣ್ರವ್ವ! ಬರೋ ತಿಂಗ್ಳು ಒಕ್ಕಣೆ. ಗೆರೆ ದಾಟೋ ನಾಯಿನ ಕಣಕ್ಕೆ ಬುಟ್ರೆ, ಅದನ್ನ ನೋಡಿ ಉಳಿದವೂ ಕಲೀತವೆ. ಊರೋರು ನನ್ನೇ ಗಾಡಿಗೆ ಹಾಕ್ಕಂಡ್ ಇಲ್ಲಿಗೆ ತಂದ್ಬುಡ್ತಾರೆ."

"ಹಾಗಾದ್ರೆ ಮತ್ತೆ ಕಲ್ಸೋದು ಹೇಗಪ್ಪ?" ಎಂದರು ಪ್ರಭುಸ್ವಾಮಿ, ಮಗಳ ಕೈ ಹಿಡಿದು.

"ಕಷ್ಟ ಏನಿಲ್ಲ ಸ್ವಾಮಿ. ಹೊಡೀಬಾರ್ದು, ಬಡೀಬಾರ್ದು. ಸಾಕ್ದೋನು ಗೆರೆ ದಾಟಬಾರ್ದು, ಅಷ್ಟೇಯ. ಯಜಮಾನ ದಾಟಲ್ಲ ಅಂತ ದಿನಾ ನೋಡಿ ನೋಡಿ ಅದೂ ಬುಟ್ಬುಡ್ತದೆ. ನಮ್ಮಪ್ಪ ಹಿಂಗೇ ಕಲ್ಸಿದ್ದು. ಬಿಳೀ ಗೆರೆ ಕಂಡ್ ಕಡೆ ಒಂದ್ ಹೆಜ್ಜೆ ಇಡ್ಲಿಲ್ಲ. ಮೂರ್ ತಿಂಗ್ಳು ಹಿಡೀತು."

ಗಿರಿಜಾಂಬಾ ಗಂಡನನ್ನು ನೋಡಿದರು, ಮಗಳನ್ನು ನೋಡಿದರು, ತಪ್ಪಲೆಯನ್ನು ನೋಡಿದರು. "ಮೂರು ತಿಂಗ್ಳು ತಾನೆ? ಸಂಕ್ರಾಂತಿ ಕಳೆದು ಸ್ವಲ್ಪ ದಿನ. ಆಗಲಿ. ಮಗಳ ಮುಖ ನೋಡಿ ಒಪ್ಕೋತೀನಿ. ನೀವು ಹಿತ್ತಲಿಗೆ ನಡೀರಿ."

ದೀಪ ಹಚ್ಚುವ ಹೊತ್ತಿಗೆ ಹೊಸಿಲುಗಳನ್ನೆಲ್ಲ ತೊಳೆದು ಹೊಸದಾಗಿ ಎಳೆ ಎಳೆದಾಗಿತ್ತು, ಈ ಸಲ ಜೋಡಿ ಎಳೆ. ಪ್ರಭುಸ್ವಾಮಿಯವರ ಹಾಸಿಗೆ ಸೌದೆ ಕೊಟ್ಟಿಗೆಗೆ ಬಂದಿತ್ತು. ಬೆಳಿಗ್ಗೆ ಕಚೇರಿಗೆ ಓಣಿಯ ಬಾಗಿಲಿಂದ ಹೊರಟು, ಬೀದಿಯಲ್ಲಿ ಸಿಕ್ಕ ಸಿಕ್ಕ ರಂಗೋಲಿ ತಪ್ಪಿಸಿಕೊಂಡು ಹೇಗೆ ಹೋಗುವುದು ಎಂದು ಲೆಕ್ಕ ಹಾಕುತ್ತ ಅವರು ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಗಿರಿಜಾಂಬಾ ಹೊಸಿಲಿನ ಆಚೆಯಿಂದಲೇ ಕೈ ಚಾಚಿ ಊಟದ ತಟ್ಟೆ ಕೊಟ್ಟರು. ಅದರಲ್ಲಿ ಅವರಿಗೆ ಇಷ್ಟವಾದ ಎಣ್ಣೆಗಾಯಿ ಇತ್ತು.

ಮನೆಯೊಳಗೆ, ನಡುಮನೆಯ ನಟ್ಟನಡುವೆ, ಮಾವನವರ ಫೋಟೋದ ಕೆಳಗೆ, ದಿವಾನ ಹೊಟ್ಟೆ ತುಂಬಿ ಮಲಗಿದ್ದ. ಯಜಮಾನರು ಒಳಗೆ ಬರುತ್ತಿಲ್ಲ ಎಂದು ಅವನಿಗೆ ತಡವಾಗಿ ಗೊತ್ತಾಯಿತು. ಎದ್ದು ಹೊಸಿಲಿನ ತನಕ ಬಂದು, ಹಣೆ ಗಂಟಿಕ್ಕಿ ಅವರನ್ನು ನೋಡಿದ. ದಾಟಿ ಬಂದು ಪಂಚೆಯ ಅಂಚು ಹಿಡಿದು ಮೆಲ್ಲಗೆ ಎಳೆದ. ಪ್ರಭುಸ್ವಾಮಿ ಕದಲಲಿಲ್ಲ. ಅವನು ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಹೇಗೆ ದಾಟಬೇಕೆಂದು ತೋರಿಸಿಕೊಟ್ಟ.

ಬಾಗಿಲಲ್ಲಿ ಕೂತಿದ್ದ ಪ್ರೇಮಲೀಲಾ ಅವನ ಕೊರಳನ್ನು ತಬ್ಬಿಕೊಂಡು, ಅಮ್ಮನಿಗೆ ಕೇಳಿಸದಂತೆ ಹೇಳಿದಳು:

"ಎಳೀಬೇಡ ಕಣೋ ದಿವಾನ. ಅಪ್ಪಾಜಿಗೆ ಹೆದ್ರಿಕೆ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸೋಣ."